ಯಾವ ಚಿಕಡೀ ಅಂತ ಮೇನ್ ಹೇಳಿಲ್ಲ

ಗುರುವಾರ, ಷ್ರೂಸ್‌ಬರಿ (ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ)

ಅಕ್ಟೋಬರ್ ಕೊನೆಯ ವಾರ. ಮೇಪಲ್ ಮರಗಳ ಕೆಂಪು ಅರ್ಧಕ್ಕರ್ಧ ಉದುರಿ ರಸ್ತೆಬದಿ ಸೇರಿತ್ತು. ಎಲೆ ನೋಡುವವರ ಸೀಸನ್ ಮುಗಿದ ಮೇಲೆ ಬಂದಿದ್ದೀಯ, ಇನ್ನೇನು ತೋರಿಸಲಿ ಅಂತ ತಮ್ಮ ಕೇಳಿದ. ಹಕ್ಕಿ ಅಂದೆ.

"ಹಕ್ಕಿ ನೋಡೋಕೆ ಮೇ ತಿಂಗಳಲ್ಲಿ ಬರಬೇಕಿತ್ತು ಅಣ್ಣ. ಈಗ ಎಲ್ಲ ದಕ್ಷಿಣಕ್ಕೆ ಹೋಗಿ ಆಯ್ತು."

ಹೋಗದೇ ಉಳಿಯುವವು ಬೇಕು ನನಗೆ, ಅಂದೆ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಾಚೆ ತೂಗುಹಾಕಿದ್ದ ಕಾಳಿನ ಕೊಳವೆಗೆ ಒಂದು ಪುಟಾಣಿ ಚಿಕಡೀ ಬಂದು ಅಂಟಿಕೊಂಡಿತು. ನೆತ್ತಿ ಕಪ್ಪು, ಗಂಟಲು ಕಪ್ಪು, ನಡುವೆ ಅಚ್ಚಬಿಳಿ ಕೆನ್ನೆ. ಬೆನ್ನು ಬೂದಿ, ಪಕ್ಕೆಗೆ ತುಸು ಕಂದು. ಒಂದೇ ಒಂದು ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಹಾರಿ, ಎದುರಿನ ಡಾಗ್‌ವುಡ್ ಗಿಡದ ಕೊಂಬೆಯಲ್ಲಿ ಕೂತಿತು. ಬೀಜವನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಟಕ್ ಟಕ್ ಟಕ್ ಅಂತ ಕುಟ್ಟಿ, ಸಿಪ್ಪೆ ಬಿಚ್ಚಿ, ತಿರುಳು ತಿಂದು ಕೊಕ್ಕು ಒರೆಸಿಕೊಂಡಿತು. ಆ ಹೊತ್ತಿಗೆ ಇನ್ನೊಂದು ಕೊಳವೆಗೆ ಬಂದಾಗಿತ್ತು. ಇವು ಗುಬ್ಬಚ್ಚಿಗಳಂತೆ ಕಾಳಿನ ಮೇಲೇ ಕೂತು ಮೆಲ್ಲುವುದಿಲ್ಲ. ಒಂದು ಬೀಜ, ಒಂದು ಹಾರಾಟ. ಮುಂದೆ ಬಂದದ್ದನ್ನು ಹಿಂದಿನದು ಗದರಿಸಿದರೆ ಅದು ಸುಮ್ಮನೆ ಜಾಗ ಬಿಡುತ್ತದೆ. ಚಳಿಗಾಲದ ಈ ಸಣ್ಣ ಗುಂಪುಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಎನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ.

"ದೊಡ್ಡಪ್ಪ, ಅದು ನಮ್ಮ ಸ್ಟೇಟ್ ಬರ್ಡ್" ಅಂದಳು ತಮ್ಮನ ಮಗಳು, ಶಾಲೆಯ ಚೀಲ ಇಳಿಸುತ್ತಾ. ಮೂರನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ಪಕ್ಷಿ ಚಿಕಡೀ. ಕೀಟ ಲೇಡಿಬಗ್. ಸಿಹಿ ಬಾಸ್ಟನ್ ಕ್ರೀಮ್ ಪೈ. ಕುಕ್ಕಿ ಚಾಕೊಲೇಟ್ ಚಿಪ್. ಡೋನಟ್ಟಿಗೂ ಒಂದು ಕಾನೂನು ಇದೆ. ಲೇಡಿಬಗ್ಗನ್ನು 1974ರಲ್ಲಿ ರಾಜ್ಯದ ಕೀಟ ಮಾಡಿಸಿದ್ದು ಫ್ರಾಂಕ್ಲಿನ್ ಊರಿನ ಎರಡನೇ ಕ್ಲಾಸಿನ ಮಕ್ಕಳಂತೆ. ಶಾಸನಸಭೆಗೆ ಬೇರೆ ಕೆಲಸವಿಲ್ಲವೇ ಎಂದು ನಗುವುದು ಸುಲಭ. ಆದರೆ ಎರಡನೇ ಕ್ಲಾಸಿನ ಮಗುವಿನ ಅರ್ಜಿಗೆ ಒಂದು ಸರ್ಕಾರ ರುಜು ಹಾಕಿದ್ದು ನನಗೇನೋ ಇಷ್ಟವಾಯಿತು.

ಕರಿಟೋಪಿ ಚಿಕಡೀಯನ್ನು ಮ್ಯಾಸಚೂಸೆಟ್ಸ್ ರಾಜ್ಯಪಕ್ಷಿ ಮಾಡಿಕೊಂಡಿದ್ದು 1941ರಲ್ಲಿ. ಉತ್ತರದ ಮೇನ್ ರಾಜ್ಯ ಅದಕ್ಕೆ 14 ವರ್ಷ ಮೊದಲೇ, 1927ರಲ್ಲೇ, ಚಿಕಡೀಯನ್ನು ಆರಿಸಿಕೊಂಡಿತ್ತು. 1820ರವರೆಗೆ ಮೇನ್ ಇದ್ದದ್ದೇ ಮ್ಯಾಸಚೂಸೆಟ್ಸ್‌ನ ಭಾಗವಾಗಿ. ಮಗಳು ಮೊದಲು ಉಟ್ಟ ಸೀರೆಯನ್ನು ತಾಯಿ ಆಮೇಲೆ ಕೊಂಡ ಹಾಗೆ. ಆದರೆ ಮೇನ್‌ನ ಕಾನೂನಿನಲ್ಲಿ ಒಂದು ಸಣ್ಣ ಕೊಸರು ಉಳಿದಿದೆ. ಅದರಲ್ಲಿ ಚಿಕಡೀ ಅಂತ ಮಾತ್ರ ಇದೆ, ಯಾವ ಚಿಕಡೀ ಅಂತ ಇಲ್ಲ. ಮೇನ್‌ನಲ್ಲಿ ಇರುವುದು ಎರಡು ಜಾತಿ. ಎಲ್ಲರ ಹಿತ್ತಿಲಿಗೂ ಬರುವ ಕರಿಟೋಪಿಯದು ಒಂದು. ಉತ್ತರದ ಸ್ಪ್ರೂಸ್ ಕಾಡಿನಿಂದಾಚೆ ಸುಲಭಕ್ಕೆ ಬಾರದ ಕಂದುಟೋಪಿಯ ಬೋರಿಯಲ್ ಚಿಕಡೀ ಇನ್ನೊಂದು. 2019ರಲ್ಲಿ ಯಾವುದೆಂದು ಬಿಡಿಸಿ ಬರೆಯೋಣ ಎಂಬ ಮಸೂದೆ ಬಂದು, ಮುಂದೆ ಹೋಗದೆ ಬಿದ್ದುಹೋಯಿತು. ಹಾಗಾಗಿ ಈಗಲೂ ಇಬ್ಬರೂ ಅಭ್ಯರ್ಥಿಗಳು. ಇಬ್ಬರನ್ನೂ ನೋಡಬೇಕು ಅನ್ನುವುದೇ ನನ್ನ ಪ್ರವಾಸದ ಕಾರ್ಯಕ್ರಮ.

"ಅದಕ್ಕೆ ಕೆನಡಾ ಗಡಿ ತನಕ ಓಡಿಸಬೇಕಾ ನಾನು?" ಅಂದ ತಮ್ಮ. ಗಡಿ ತನಕ ಬೇಡ, ಮೇನ್‌ನ ರೇಂಜ್ಲಿ ಊರಿನ ತನಕ ಸಾಕು ಅಂದೆ.

ರಾತ್ರಿ ಊಟಕ್ಕೆ ಕೂತಾಗ ಸೂಯೆಟ್ ವಿಚಾರ ಬಂತು. ಚಳಿಗಾಲದಲ್ಲಿ ಹಕ್ಕಿಗಳಿಗೆ ಇಲ್ಲಿನವರು ಇಡುವುದು ಅದೇ, ದನದ ಕೊಬ್ಬಿನ ಗಟ್ಟಿ. ಚಿಕಡೀಗೆ ಬಲು ಪ್ರೀತಿ. ತಮ್ಮನ ಹೆಂಡತಿ ಮುಖ ಕಿವಿಚಿ, "ನಾನಂತೂ ಮುಟ್ಟಲ್ಲ ಭಾವ, ಈ ಮನೆಗೆ ಬರೋ ಹಕ್ಕಿ ಶೇಂಗಾ ತಿಂದ್ಕೊಂಡು ಇರ್ಬೇಕು" ಅಂದಳು. ಶೇಂಗಾದಲ್ಲೂ ಕೊಬ್ಬು ಸಾಕಷ್ಟಿದೆ, ಹಕ್ಕಿಗಳದೇನೂ ತಕರಾರಿಲ್ಲ.

ಶುಕ್ರವಾರ, ಬಾಸ್ಟನ್

ತಮ್ಮ ಆಫೀಸಿಗೆ ಹೋಗುವಾಗ ನನ್ನನ್ನು ಸ್ಟೇಟ್ ಹೌಸ್, ಅಂದರೆ ಇಲ್ಲಿನ ವಿಧಾನಸೌಧದ ಮುಂದೆ ಇಳಿಸಿಹೋದ. ಹೊರಡುವಾಗ ಅವರ ಬೀದಿಯ ತಿರುವಿನಲ್ಲೇ ಹತ್ತು ನಿಮಿಷ ನಿಂತಿದ್ದೆವು. ಟರ್ಕಿ ಕೋಳಿಗಳ ಒಂದು ದಂಡು ರಸ್ತೆ ದಾಟುತ್ತಿತ್ತು. ಹಾರ್ನ್‌ಗೆ ಬೆಲೆಯಿಲ್ಲ, ಮುಂದಾಳು ಗಂಡು ಬಂಪರಿನಲ್ಲಿ ತನ್ನ ನೆರಳು ನೋಡಿ ಒಮ್ಮೆ ಕುಕ್ಕಿಯೂ ನೋಡಿತು. ಈ ರಾಜ್ಯದ ಕೊನೆಯ ಕಾಡು ಟರ್ಕಿಯನ್ನು 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಕೊಂದಿದ್ದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಅವು ಇರಲಿಲ್ಲ. 1972-73ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿಗಳನ್ನು ಹಿಡಿದು ತಂದು ಬರ್ಕ್‌ಷೈರ್ ಗುಡ್ಡಗಳಲ್ಲಿ ಬಿಟ್ಟರು. ಅವುಗಳ ಸಂತತಿ ಈಗ ಬೆಳಿಗ್ಗೆ ಆಫೀಸಿಗೆ ಹೋಗುವವರನ್ನು ತಡೆದು ನಿಲ್ಲಿಸುವಷ್ಟು ಬೆಳೆದಿದೆ. 1991ರಲ್ಲಿ ರಾಜ್ಯದ ಬೇಟೆಹಕ್ಕಿ ಎಂಬ ಪಟ್ಟವೂ ಸಿಕ್ಕಿತು. ಪಟ್ಟ ಎಂದರೆ ಪಟ್ಟವೇ, ಬೇಟೆಗೆಂದು ಕೊಟ್ಟರೂ.

ಸ್ಟೇಟ್ ಹೌಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1798ರಲ್ಲಿ ಮುಗಿದ ಕಟ್ಟಡ, ಚಾರ್ಲ್ಸ್ ಬುಲ್‌ಫಿಂಚ್ ವಿನ್ಯಾಸ, ಚಿನ್ನದ ಗುಮ್ಮಟ. ಕೆಳಮನೆಯಲ್ಲಿ ಸದಸ್ಯರ ತಲೆಯ ಮೇಲೆ ಮರದಲ್ಲಿ ಕೆತ್ತಿದ ಸುಮಾರು ಐದಡಿಯ ಕಾಡ್ ಮೀನು ತೂಗುತ್ತದೆ. ರಾಜ್ಯಕ್ಕೆ ಹಣ ತಂದುಕೊಟ್ಟ ಮೀನಿಗೆ ಸಭಾಂಗಣದಲ್ಲಿ ಜಾಗ, ಏನೂ ತಂದುಕೊಡದ ಹಕ್ಕಿಗೆ ಕಾನೂನು ಪುಸ್ತಕದಲ್ಲಿ ಒಂದು ಸಾಲು.

ಅಲ್ಲಿಂದ ಉದ್ಯಾನ ದಾಟಿ ಬ್ಯಾಕ್ ಬೇ ಬಡಾವಣೆಗೆ ನಡೆದೆ. ಕೆಂಪಿಟ್ಟಿಗೆಯ ಸಿರಿವಂತ ಮನೆಗಳ ಸಾಲು. ಹ್ಯಾರಿಯೆಟ್ ಹೆಮೆನ್ವೇ ಎಂಬ ಮಹಿಳೆ 1896ರಲ್ಲಿ ಇಲ್ಲಿ ತನ್ನ ಬಂಧು ಮಿನ್ನಾ ಹಾಲ್ ಜೊತೆ ಕೂತು ಊರಿನ ಗಣ್ಯ ಹೆಂಗಸರ ಪಟ್ಟಿ ಮಾಡಿದಳು. ಆ ಕಾಲಕ್ಕೆ ಹಕ್ಕಿಗರಿ ಇಲ್ಲದ ಹೆಂಗಸರ ಟೋಪಿಯೇ ಇರಲಿಲ್ಲ. ಬೆಳ್ಳಕ್ಕಿಗಳನ್ನು ಗೂಡಿನ ಮೇಲೇ ಕೊಂದು ಗರಿ ಕೀಳುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು. ಇವರಿಬ್ಬರೂ ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು, ಇನ್ನು ಗರಿಯ ಟೋಪಿ ಹಾಕುವುದಿಲ್ಲ ಎಂಬ ಮಾತು ಪಡೆದರು. ಹಾಗೆ ಹುಟ್ಟಿದ್ದು ಮಾಸ್ ಆಡುಬಾನ್ ಸಂಸ್ಥೆ. ಮರುವರ್ಷವೇ ಮ್ಯಾಸಚೂಸೆಟ್ಸ್ ಕಾಡುಹಕ್ಕಿಯ ಗರಿ ವ್ಯಾಪಾರ ನಿಷೇಧಿಸಿತು. ವಲಸೆ ಹಕ್ಕಿಗಳ ರಕ್ಷಣೆಗೆ ದೇಶಕ್ಕೇ ಒಂದು ಕಾನೂನು 1918ರಲ್ಲಿ ಬಂತು.

ರಾಜ್ಯಪಕ್ಷಿಗಳ ಕಥೆಯೂ ಹೆಂಗಸರದ್ದೇ. 1920ರ ದಶಕದ ಕೊನೆಗೆ ಮಹಿಳಾ ಕ್ಲಬ್ಬುಗಳ ಒಕ್ಕೂಟ ಊರೂರಲ್ಲಿ ಪ್ರಚಾರ ಹೂಡಿ, ಶಾಲಾ ಮಕ್ಕಳಿಂದ ಓಟು ಹಾಕಿಸಿ, ಫಲಿತಾಂಶವನ್ನು ಶಾಸಕರ ಮುಂದೆ ಇಟ್ಟಿತು. 1927ರ ಒಂದೇ ವರ್ಷದಲ್ಲಿ ಟೆಕ್ಸಸ್, ಫ್ಲಾರಿಡಾ, ಆರೆಗನ್, ಮೇನ್ ತಂತಮ್ಮ ಹಕ್ಕಿ ಹೆಸರಿಸಿದವು. ಓಟು ಮಕ್ಕಳದಾದ್ದರಿಂದ ಗೆದ್ದದ್ದೂ ಮಕ್ಕಳಿಗೆ ಗೊತ್ತಿದ್ದ ಹಕ್ಕಿಗಳೇ. ಕೆಂಪು ಕಾರ್ಡಿನಲ್ 7 ರಾಜ್ಯಗಳಿಗೆ, ವೆಸ್ಟರ್ನ್ ಮೆಡೋಲಾರ್ಕ್ 6ಕ್ಕೆ, ಮಾಕಿಂಗ್‌ಬರ್ಡ್ 5ಕ್ಕೆ. ಅಪರೂಪದ್ದು ಬೇಕು, ಬೇರೆಯವರಲ್ಲಿ ಇಲ್ಲದ್ದು ಬೇಕು ಎಂಬ ಹಟ ದೊಡ್ಡವರದ್ದು. ರೋಡ್ ಐಲೆಂಡ್‌ನವರು ಮಾತ್ರ ಕಾಡುಹಕ್ಕಿಯ ಗೊಡವೆಯೇ ಬೇಡವೆಂದು 1954ರಲ್ಲಿ ತಮ್ಮೂರ ಕೆಂಪು ಕೋಳಿ, ರೋಡ್ ಐಲೆಂಡ್ ರೆಡ್, ಆರಿಸಿಕೊಂಡರು. ಮೊಟ್ಟೆಯಿಡುವ ರಾಜ್ಯಪಕ್ಷಿ ಅಂದರೆ ನಮ್ಮೂರ ಕಡೆ ಯಾರೂ ಬೇಡ ಅನ್ನಲಾರರು.

ಶನಿವಾರ, ಟಾಪ್ಸ್‌ಫೀಲ್ಡ್‌ನಿಂದ ಆಗಸ್ಟಾ ದಾಟಿ

ಬೆಳಿಗ್ಗೆ ಆರಕ್ಕೆ ಹೊರಟೆವು. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನ. ಬೇರೆ ಒಂದು ಚೀಲದಲ್ಲಿ ಕರಿ ಸೂರ್ಯಕಾಂತಿ ಬೀಜ.

ಟಾಪ್ಸ್‌ಫೀಲ್ಡ್ ಊರಿನ ಇಪ್‌ಸ್ವಿಚ್ ನದಿ ವನ್ಯಧಾಮ ಅದೇ ಮಾಸ್ ಆಡುಬಾನ್‌ನದು. ಇಲ್ಲಿನ ಚಿಕಡೀಗಳು ಮನುಷ್ಯರ ಅಂಗೈಯಿಂದ ಕಾಳು ತಿನ್ನುವುದಕ್ಕೆ ಹೆಸರುವಾಸಿ. ಹುಲ್ಲು ಒಣಗಿದ ಬಯಲು ದಾಟಿ ಮರಗಳ ನಡುವಿನ ಹಾದಿಗೆ ಬಂದು, ಅಂಗೈ ಚಾಚಿ ನಿಂತೆವು. ತಮ್ಮನ ಮಗಳಿಗೆ ಇದು ಹಳೇ ಆಟ. ಅವಳು ಹೇಳಿಕೊಟ್ಟಳು: ಬೆರಳು ಚಪ್ಪಟೆ ಇಡಬೇಕು, ಹಕ್ಕಿ ಬಂದಾಗ ಕೈ ಎತ್ತಬಾರದು, ಉಸಿರು ಬಿಡಬಹುದು.

ಮೊದಲು ಸದ್ದು ಬಂತು. ಚಿಕ್-ಅ-ಡೀ-ಡೀ. ಒಂದು, ಆಮೇಲೆ ನಾಲ್ಕು ಕಡೆಯಿಂದ. ಒಂದು ಹಕ್ಕಿ ತಲೆಮಟ್ಟದ ಕೊಂಬೆಗೆ ಬಂದು, ಒಂದು ಕಣ್ಣಿನಿಂದ ನನ್ನನ್ನೂ ಇನ್ನೊಂದರಿಂದ ಬೀಜವನ್ನೂ ನೋಡಿ, ಹೊರಟು, ವಾಪಸಾಗಿ, ಬೆರಳತುದಿಗೆ ಇಳಿಯಿತು. ತೂಕ ಎಂದು ಹೇಳುವಂಥದ್ದೇನೂ ಇಲ್ಲ, ಸುಮಾರು 11 ಗ್ರಾಂ. ಗೊತ್ತಾದದ್ದು ಉಗುರು ಮಾತ್ರ. ಸೂಜಿಮೊನೆಯಷ್ಟು ಚೂಪು, ತಣ್ಣಗೆ, ಬೆರಳಿನ ಸುತ್ತ ಬಿಗಿ. ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಲಿಲ್ಲ. ಒಂದು ಬೀಜ ಎತ್ತಿತು, ಬಿಸಾಡಿತು. ಇನ್ನೊಂದು ಎತ್ತಿತು, ಅದೂ ಬೇಡವಾಯಿತು. ಮೂರನೆಯದು ಒಪ್ಪಿಗೆಯಾಗಿ ಹಾರಿತು. ಟೊಳ್ಳು ಬೀಜ ಬೇಡ ಅದಕ್ಕೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಗತ್ತು.

ಆದರೆ ಈ ಹಕ್ಕಿ ತಿನ್ನಲಿಲ್ಲ. ಓಕ್ ಮರದ ತೊಗಟೆಯ ಸಂದಿಗೆ ಬೀಜ ತುರುಕಿ, ಎರಡು ಸಲ ಒತ್ತಿ, ಹಾರಿತು. ಮುಂದಿನದ್ದನ್ನು ಬೇರೆ ಮರದ ಕಲ್ಲುಹೂವಿನ ಕೆಳಗೆ ಇಟ್ಟಿತು. ಶರದೃತುವಿನಲ್ಲಿ ಇವು ಹೀಗೆ ಸಾವಿರಾರು ಕಡೆ ಒಂದೊಂದೇ ಬೀಜ ಬಚ್ಚಿಡುತ್ತವೆ, ಎಲ್ಲಿಟ್ಟಿದ್ದೆ ಎನ್ನುವುದನ್ನು ವಾರಗಟ್ಟಲೆ ನೆನಪಿಡುತ್ತವೆ. ಹೆಚ್ಚು ಚಳಿಯ ಅಲಾಸ್ಕಾದ ಚಿಕಡೀಗಳ ನೆನಪು ಕೊಲರಾಡೊದ ಚಿಕಡೀಗಳಿಗಿಂತ ಚುರುಕು ಎಂದು 2002ರಲ್ಲೇ ಪ್ರಯೋಗಗಳು ತೋರಿಸಿದ್ದವು. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಇದರ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಗಮನಿಸಿದರು. ಪ್ರತಿಯೊಂದು ಬಚ್ಚಿಟ್ಟ ಬೀಜಕ್ಕೂ ನರಕೋಶಗಳು ಒಂದೊಂದು ಬೇರೆಯೇ ನಮೂನೆಯಲ್ಲಿ ಮಿಡಿಯುತ್ತವೆ, ಅಂಗಡಿ ಸಾಮಾನಿನ ಬಾರ್‌ಕೋಡ್ ಥರ. ಹಕ್ಕಿ ಅದೇ ಬೀಜ ತೆಗೆಯಲು ಬಂದಾಗ ಅದೇ ನಮೂನೆ ಮರಳುತ್ತದೆ. ಕಾರಿನ ಕೀಲಿ ಎಲ್ಲಿಟ್ಟೆ ಎಂದು ದಿನಾ ಹುಡುಕುವ ತಮ್ಮ ಇದನ್ನು ಕೇಳಿಯೂ ಕೇಳದವನ ಹಾಗೆ ಬೇರೆ ಕಡೆ ನೋಡಿದ.

ನಾಲ್ಕಾರು ಹಕ್ಕಿಗಳು ಸರದಿಯಲ್ಲಿ ಬಂದುಹೋಗುತ್ತಿದ್ದಾಗ ಎಲ್ಲಿಂದಲೋ ತೆಳ್ಳಗೆ ಒಂದು "ಸೀ" ಕೇಳಿತು. ಅಷ್ಟೇ. ಕಾಡಿಗೆ ಕಾಡೇ ನಿಂತುಬಿಟ್ಟಿತು. ನನ್ನ ಮುಂದಿನ ಕೊಂಬೆಯಲ್ಲಿದ್ದದ್ದು ಬೀಜ ಬಾಯಲ್ಲಿಟ್ಟುಕೊಂಡೇ ಅಲುಗಾಡದೆ ಕೂತಿತು. ಮರಗಳ ನಡುವೆ ಕೆಳಮಟ್ಟದಲ್ಲಿ ಒಂದು ಸಣ್ಣ ಗಿಡುಗ ಜಾರಿಹೋಯಿತು. ಹಾರುತ್ತಿರುವ ಬೇಟೆಗಾರನಿಗೆ ಆ ತೆಳ್ಳನೆಯ ಸದ್ದು. ಕೂತಿರುವ ಗೂಬೆಗೋ ಗಿಡುಗಕ್ಕೋ ಚಿಕ್-ಅ-ಡೀ, ಎಲ್ಲರೂ ಬನ್ನಿ, ಓಡಿಸೋಣ ಅಂತ. ಅಪಾಯ ಹೆಚ್ಚಾದಷ್ಟೂ ಕೊನೆಯ ಡೀ-ಡೀಗಳು ಹೆಚ್ಚು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡ ಕೊಂಬುಗೂಬೆಗಿಂತ ಮುಷ್ಟಿಗಾತ್ರದ ಪಿಗ್ಮಿ ಗೂಬೆಗೇ ಇವು ಹೆಚ್ಚು ಡೀ ಹೇಳಿದವು. ದೊಡ್ಡ ಗೂಬೆಗೆ ಈ ಚೋಟುದ್ದದ ಹಕ್ಕಿಯನ್ನು ತಿರುಗಿ ಹಿಡಿಯುವ ಚುರುಕಿಲ್ಲ, ಸಣ್ಣದಕ್ಕಿದೆ. ಚಿಕಡೀಗಳ ಈ ಮಾತನ್ನು ಜೊತೆಯಲ್ಲೇ ತಿರುಗುವ ನಟ್‌ಹ್ಯಾಚ್ ಹಕ್ಕಿಗಳೂ ಅರ್ಥಮಾಡಿಕೊಳ್ಳುತ್ತವೆ.

ಒಂದು ನಿಮಿಷದ ಮೇಲೆ ಯಾವುದೋ ಒಂದು ಚಿಕ್ ಅಂದಿತು. ಬೀಜ ಕುಟ್ಟುವ ಸದ್ದು ಮತ್ತೆ ಶುರು.

ಮೇನ್ ಸೇರಲು ನ್ಯೂ ಹ್ಯಾಂಪ್‌ಷೈರ್ ಎಂಬ ರಾಜ್ಯದ ಕರಾವಳಿ ದಾಟಬೇಕು. ಹೆದ್ದಾರಿಯಲ್ಲಿ ಕಾಲು ಗಂಟೆಯ ಹಾದಿ, ಒಂದು ಟೋಲ್. ಅಲ್ಲಿನ ರಾಜ್ಯಪಕ್ಷಿ ಪರ್ಪಲ್ ಫಿಂಚ್. 1957ರಲ್ಲಿ ನ್ಯೂ ಹ್ಯಾಂಪ್‌ಷೈರ್ ಕೋಳಿಯನ್ನು ಸೋಲಿಸಿ ಗೆದ್ದ ಹಕ್ಕಿ. ಟೋಲ್ ಕಟ್ಟುವಷ್ಟರಲ್ಲಿ ಕಾಣಲಿಲ್ಲ.

ಪಿಸ್ಕಾಟಕ್ವಾ ನದಿಯ ಸೇತುವೆ ದಾಟಿದೊಡನೆ ಹಿಂದಿನ ಸೀಟಿನಲ್ಲಿ ಆಟ ಶುರುವಾಯಿತು, ನಂಬರ್ ಪ್ಲೇಟ್ ಎಣಿಸುವುದು. 1999ರಿಂದ 2025ರವರೆಗೆ ಮೇನ್‌ನ ಸಾಮಾನ್ಯ ಕಾರುಗಳಿಗೆ ಕೊಡುತ್ತಿದ್ದ ಪ್ಲೇಟಿನ ಮೇಲೆ ಇದ್ದದ್ದು ಪೈನ್ ಕೊಂಬೆಯಲ್ಲಿ ಕೂತ ಚಿಕಡೀ. ಅದಕ್ಕೂ ಮೊದಲು ಕೆಂಪು ಲಾಬ್‌ಸ್ಟರ್ ಇತ್ತು. ಜೀವಂತ ಲಾಬ್‌ಸ್ಟರ್ ಕೆಂಪಗಿರುವುದಿಲ್ಲ, ಬೇಯಿಸಿದ ಮೇಲೆ ಆಗುವುದು, ಹಾಗಾಗಿ ನಮ್ಮ ಕಾರುಗಳ ಮೇಲೆ ಊಟದ ತಟ್ಟೆ ಅಂಟಿಸಿದ್ದೀರಿ ಎಂದು ಜನ ಗೇಲಿ ಮಾಡಿದ್ದರು. ಈಗ ಚಿಕಡೀಯ ಸರದಿಯೂ ಮುಗಿದಿದೆ. 2025ರ ಮೇ ತಿಂಗಳಿಂದ ಹಳೇ ಪ್ಲೇಟಿನ ಬದಲು ಪೈನ್ ಮರ ಮತ್ತು ನಕ್ಷತ್ರದ ಹೊಸ ಪ್ಲೇಟು ಕೊಡತೊಡಗಿದರು. ಆದ್ದರಿಂದ ಆಟದಲ್ಲಿ ಎರಡು ಪಕ್ಷ. ಮಗಳು ಹಕ್ಕಿ, ಅವಳಮ್ಮ ಮರ. ಪೋರ್ಟ್‌ಲ್ಯಾಂಡ್ ದಾಟುವ ಹೊತ್ತಿಗೆ ಮರ ಮುಂದಿತ್ತು, ಮಗಳ ಮುಖ ಇಳಿದಿತ್ತು.

ಮೇನ್‌ನ ರಾಜಧಾನಿ ಆಗಸ್ಟಾದಲ್ಲಿ ಊಟಕ್ಕೆ ನಿಂತೆವು. ಮೇನ್‌ನ ಸ್ಟೇಟ್ ಹೌಸ್ ಕೂಡ ಅದೇ ಬುಲ್‌ಫಿಂಚ್‌ನದು, 1832ರದು. ಶನಿವಾರವಾದ್ದರಿಂದ ಹೊರಗಿನಿಂದಲೇ ನೋಡಿದ್ದು. ಕೆನೆಬೆಕ್ ನದಿ ದಂಡೆಯಲ್ಲಿ ಮೊಸರನ್ನ ತಿನ್ನುವಾಗ ಎದುರು ದಡದ ಒಣಮರದಲ್ಲಿ ಬೋಳುಹದ್ದು, ಬಿಳಿ ತಲೆ ಬಿಸಿಲಿಗೆ ಮಿಂಚುತ್ತಾ ಕೂತಿತ್ತು. 1782ರಿಂದ ಅಮೆರಿಕದ ರಾಷ್ಟ್ರಮುದ್ರೆಯ ಮೇಲೆ ಇರುವ ಹಕ್ಕಿ. ನೋಟು, ನಾಣ್ಯ, ಪಾಸ್‌ಪೋರ್ಟ್ ಎಲ್ಲದರ ಮೇಲೂ ಅದೇ. ಹಾಗಿದ್ದೂ ಅದು ರಾಷ್ಟ್ರಪಕ್ಷಿ ಎಂದು ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ. ಅಂದರೆ ಮೇನ್‌ನ ಚಿಕಡೀ ಅದಕ್ಕಿಂತ 97 ವರ್ಷ ಸೀನಿಯರ್.

ಆಮೇಲೆ ಹೆದ್ದಾರಿ ಬಿಟ್ಟು 17ನೇ ನಂಬರಿನ ರಸ್ತೆ ಹಿಡಿದೆವು. ಕಾಗದ ಕಾರ್ಖಾನೆಗಳ ಊರುಗಳು, ಚರ್ಚು, ಕಟ್ಟಿಗೆ ರಾಶಿ, ಆಮೇಲೆ ಬರೀ ಕಾಡು. ಹೈಟ್ ಆಫ್ ಲ್ಯಾಂಡ್ ಎಂಬ ತಿರುವಿನಲ್ಲಿ ಕಾರು ನಿಲ್ಲಿಸಿದಾಗ ಕೆಳಗೆ ಮೂಸ್‌ಲುಕ್‌ಮೆಗಂಟಿಕ್ ಸರೋವರ, ಅದರಾಚೆ ಮಡಿಕೆ ಮಡಿಕೆ ಬೆಟ್ಟ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನೂರು ಜನರ ನಡುವೆ ನಿಂತು ಅಭ್ಯಾಸವಾದ ನಮಗೆ ಇಲ್ಲಿ ಇನ್ನೊಂದು ಕಾರೂ ಇಲ್ಲದ್ದು ವಿಚಿತ್ರ ಅನ್ನಿಸಿತು. ಗಾಳಿ ಮಾತ್ರ ನಿಲ್ಲಗೊಡಲಿಲ್ಲ.

ಭಾನುವಾರ, ರೇಂಜ್ಲಿ

ಭಾನುವಾರವನ್ನೇ ಕಾಡಿಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಶರತ್ಕಾಲ ಇಲ್ಲಿ ಬೇಟೆಯ ಕಾಲ, ಭಾನುವಾರ ಮೇನ್‌ನಲ್ಲಿ ಬೇಟೆ ನಿಷಿದ್ಧ. ಆದರೂ ಎಲ್ಲರೂ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡೆವು. ಸಾಲಾಗಿ ನಡೆದಾಗ ರಸ್ತೆ ರಿಪೇರಿಯವರು ಬಂದರು ಅನ್ನಬೇಕು.

ಬಾಯ್ ಸ್ಕೌಟ್ ರೋಡ್ ಎಂಬುದು ಊರಾಚೆಯ ಮಣ್ಣುರಸ್ತೆ. ಎರಡೂ ಬದಿ ಸ್ಪ್ರೂಸ್, ಫರ್. ಜೌಗು ಇರುವ ಕಡೆ ಟ್ಯಾಮರಾಕ್, ಸೂಜಿ ಎಲೆಯ ಮರವಾದರೂ ಶರದೃತುವಿನಲ್ಲಿ ಹಳದಿಯಾಗಿ ಉದುರುವಂಥದ್ದು, ಆ ಕಪ್ಪು ಹಸಿರಿನ ನಡುವೆ ದೀಪ ಹಚ್ಚಿದ ಹಾಗಿತ್ತು. ಹೊಂಡದ ನೀರಿನ ಮೇಲೆ ತೆಳು ಮಂಜುಗಡ್ಡೆ. ಕೆಸರಿನಲ್ಲಿ ಮೂಸ್ ಎಂಬ ಭಾರೀ ಜಿಂಕೆಯ ಗೊರಸಿನ ಗುರುತು, ನನ್ನ ಅಂಗೈಗಿಂತ ದೊಡ್ಡದು.

ಮೊದಲ ಗಂಟೆ ಪೂರ್ತಿ ಕರಿಟೋಪಿಗಳೇ. ಅವುಗಳ ಜೊತೆ ಗೋಲ್ಡನ್ ಕ್ರೌನ್ಡ್ ಕಿಂಗ್‌ಲೆಟ್, ಇನ್ನೂ ಸಣ್ಣ ಹಕ್ಕಿ. ಹಿಂದಿನ ರಾತ್ರಿ ಶೂನ್ಯಕ್ಕಿಂತ ಕೆಳಗಿನ ಚಳಿ ಇತ್ತು. ಚಿಕಡೀ ಅಂಥ ರಾತ್ರಿ ಮರದ ಪೊಟರೆಯಲ್ಲಿ ಒಂಟಿಯಾಗಿ ಮುದುರಿ, ತನ್ನ ಮೈಶಾಖವನ್ನು ಹಗಲಿನ ಮಟ್ಟಕ್ಕಿಂತ ಸುಮಾರು 10 ಡಿಗ್ರಿಯಷ್ಟು ತಾನೇ ಇಳಿಸಿಕೊಂಡು, ಹಗಲು ಸೇರಿಸಿದ ಕೊಬ್ಬನ್ನು ಉಳಿತಾಯ ಮಾಡುತ್ತದೆ. ಬೆಳಗಾದರೆ ಮತ್ತೆ ಖಾಲಿ, ಮತ್ತೆ ದುಡಿಮೆ. ಇದನ್ನೆಲ್ಲ ಓದಿಕೊಂಡು ಬಂದಿದ್ದರೂ, ನಾಲ್ಕು ಪದರ ಉಣ್ಣೆಯೊಳಗೆ ನಡುಗುತ್ತಾ ಆ ಲವಲವಿಕೆ ನೋಡುವಾಗ ನನಗೆ ಶಾಸಕರ ತೀರ್ಪು ಸರಿ ಅನ್ನಿಸಿತು. ವೆರ್ಮಾಂಟ್‌ನವರು ರಾಜ್ಯಪಕ್ಷಿ ಮಾಡಿದ ಹರ್ಮಿಟ್ ಥ್ರಷ್ ಬಲು ಸೊಗಸಾಗಿ ಹಾಡುತ್ತದೆ, ನಿಜ. ಆದರೆ ಜನವರಿಯಲ್ಲಿ ಅದು ವೆರ್ಮಾಂಟ್‌ನಲ್ಲಿ ಇರುವುದಿಲ್ಲ. ಚಳಿ ಬಂದಾಗ ಊರು ಬಿಡುವವರಿಗೆ ಊರಿನ ಪಟ್ಟ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ತಮ್ಮನಿಗೆ ಇದನ್ನು ಹೇಳಿದೆ. ಊರು ಬಿಟ್ಟು ಇಪ್ಪತ್ತು ವರ್ಷವಾದವನಿಗೆ ಹೇಳಬೇಕಾದ ಮಾತಾ ಇದು, ಅಂದ.

ಆಗ ಎದುರಾದದ್ದು ಬೇರೊಬ್ಬರು. ಬೂದುಬಣ್ಣದ ದೊಡ್ಡ ಹಕ್ಕಿ, ಸದ್ದಿಲ್ಲದೆ ಜಾರಿ ಬಂದು ಮಾರುದೂರದ ಕೊಂಬೆಯಲ್ಲಿ ಕೂತು ಡಬ್ಬಿಯನ್ನೇ ನೋಡತೊಡಗಿತು. ಕೆನಡಾ ಜೇ. ಮಗಳ ಕೈಯಿಂದ ಚಪಾತಿಯ ಚೂರು ಬಿದ್ದದ್ದೇ ತಡ, ಎತ್ತಿಕೊಂಡು ಹೋಗಿ ಎಂಜಲಿನಿಂದ ಅಂಟಿಸಿ ಫರ್ ಮರದ ಕೊಂಬೆಗೆ ಮೆತ್ತಿತು. ಇದರ ಎಂಜಲು ಅಂಟಿನಂಥದ್ದು, ಚಳಿಗಾಲದ ಉಗ್ರಾಣವನ್ನೆಲ್ಲ ಹೀಗೇ ಮರಕ್ಕೆ ಅಂಟಿಸಿಡುತ್ತದೆ. ಇದೂ ಒಬ್ಬ ಉಮೇದುವಾರ. 2016ರಲ್ಲಿ ಕೆನಡಾದ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಇದನ್ನು ರಾಷ್ಟ್ರಪಕ್ಷಿ ಮಾಡಿ ಎಂದು ಶಿಫಾರಸು ಮಾಡಿತು. ಜನ ಹೆಚ್ಚು ಓಟು ಹಾಕಿದ್ದು ಲೂನ್ ಹಕ್ಕಿಗೆ. ಆದರೆ ಅದು ಆಗಲೇ ಆಂಟೇರಿಯೊ ಪ್ರಾಂತದ ಪಕ್ಷಿ, ಒಬ್ಬರಿಗೆ ಎರಡು ಹುದ್ದೆ ಬೇಡ ಎಂಬ ವಾದ. ಸರ್ಕಾರ ಇಬ್ಬರನ್ನೂ ಕೂರಿಸಿ ಸುಮ್ಮನಾಯಿತು.

ಹತ್ತೂವರೆ ಇರಬೇಕು. ತಮ್ಮನ ಹೆಂಡತಿ ನಿಂತು, "ಭಾವ, ಇದಕ್ಕೆ ಶೀತ ಆಗಿದೆ" ಅಂದಳು. ಕಿವಿಗೊಟ್ಟರೆ ಹೌದು. ಚಿಕಡೀಯದೇ ಮಾತು, ಆದರೆ ಮೂಗಿನಲ್ಲಿ, ಎಳೆದು ಎಳೆದು: ಸಿಕ್-ಅ-ಡೇಏ, ಡೇಏ. ಸ್ಪ್ರೂಸ್‌ನ ನಡುಮಟ್ಟದಲ್ಲಿ ಕೊಂಬೆ ಅಲುಗಿತು. ಮೊದಲು ಕಂಡದ್ದು ಪಕ್ಕೆ, ದಾಲ್ಚಿನ್ನಿಯ ಗಾಢ ಕಂದು. ಆಮೇಲೆ ತಲೆ ಹೊರಗೆ ಬಂತು. ಕರಿಟೋಪಿಯಲ್ಲ, ಕಂದುಟೋಪಿ. ಬಿಳಿ ಕೆನ್ನೆ ಇಲ್ಲಿ ಚಿಕ್ಕದು, ಕೊಕ್ಕಿನ ಹಿಂದೆ ಒಂದಿಷ್ಟು ಬಿಳಿ, ಅದರಾಚೆ ಬೂದಿ. ಗಂಟಲು ಮಾತ್ರ ಕಪ್ಪು. ತಲೆಕೆಳಗಾಗಿ ತೂಗುತ್ತಾ ಸೂಜಿಯೆಲೆಗಳ ಬುಡ ಕೆದಕಿ ಏನೋ ಹೆಕ್ಕಿತು. ಕೈ ಚಾಚಿದರೆ ಬರುವ ಹಕ್ಕಿಯಲ್ಲ ಇದು. ಮೂರು ಮರ ಒಳಗೇ ಉಳಿಯಿತು, ಇನ್ನೊಂದು ಜೊತೆಗೂಡಿತು, ಎರಡೂ ಕಾಡಿನೊಳಕ್ಕೆ ಹೋದವು. ಐದು ನಿಮಿಷದ ದರ್ಶನ.

"ಇದು ಸ್ಟೇಟ್ ಬರ್ಡ್ ಆಗ್ಬೇಕು" ಎಂದಳು ಮಗಳು ತಕ್ಷಣ. ಯಾಕೆ? "ಅದಕ್ಕೆ ಯಾರೂ ಇಲ್ಲ." ಈ ವಾದವನ್ನು 2019ರ ಸಭೆಯಲ್ಲಿ ಯಾರೂ ಮಂಡಿಸಿರಲಾರರು. ನನಗನ್ನಿಸುವುದು, ಆಗಸ್ಟಾದವರು ಕಾನೂನನ್ನು ಹಾಗೇ ಬಿಟ್ಟದ್ದು ಒಳ್ಳೆಯದೇ ಆಯಿತು. ಹೆಸರು ಸ್ಪಷ್ಟ ಮಾಡಿದ್ದರೆ ಕರಿಟೋಪಿಗೆ ಹೊಸದಾಗಿ ಸಿಗುವುದೇನೂ ಇರಲಿಲ್ಲ, ಕಂದುಟೋಪಿಗೆ ಇರುವುದೂ ಹೋಗುತ್ತಿತ್ತು.

ಮಧ್ಯಾಹ್ನ ವಸತಿಗೃಹದ ಅಂಗಳದ ಕಾಳಿನ ತಟ್ಟೆಯಲ್ಲಿ ರಾಸ್ಪ್‌ಬೆರಿ ರಸ ಸುರಿದುಕೊಂಡಂಥ ತಲೆಯ ಪರ್ಪಲ್ ಫಿಂಚ್ ಕಂಡಿತು. ನ್ಯೂ ಹ್ಯಾಂಪ್‌ಷೈರ್‌ನ ರಾಜ್ಯಪಕ್ಷಿ ಮೇನ್‌ನಲ್ಲಿ ಆರಾಮಾಗಿ ಉಣ್ಣುತ್ತಿತ್ತು. ಊರಿನ ಡೈನರಿನಲ್ಲಿ ವೂಪಿ ಪೈ ತಿಂದೆವು, ಅದೂ 2011ರಿಂದ ಮೇನ್‌ನ ಅಧಿಕೃತ ತಿಂಡಿ. ಎರಡು ಮೆತ್ತನೆ ಕೇಕಿನ ನಡುವೆ ಬಿಳಿ ಸಕ್ಕರೆ ಗಾರೆ. ಅರ್ಧ ಉಳಿಸಿದೆ.

ಸೋಮವಾರ, ಹಿಂದಕ್ಕೆ

ಮಗಳ ಶಾಲೆಗೆ ರಜೆ ಹಾಕಿಸಿ ವೈಟ್ ಮೌಂಟನ್ಸ್ ಮೂಲಕ ಇಳಿದೆವು. ಎರಾಲ್, ಬರ್ಲಿನ್, ಗೋರಮ್, ಪಿಂಕಮ್ ಕಣಿವೆ. ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಮೋಡ, ಏನೂ ಕಾಣಲಿಲ್ಲ.

ದಾರಿಯುದ್ದಕ್ಕೂ ತಮ್ಮ ಫೋನಿನಲ್ಲಿ ಚಿಕಡೀ ಹಾಡು ಹಾಕಿದ. ಡೀ-ಡೀ ಅಲ್ಲ, ಚಳಿಗಾಲ ಕಳೆಯುತ್ತಾ ಬಂದಂತೆ ಗಂಡು ಹಾಡುವುದು: ಫೀ-ಬೀ, ಮೊದಲ ಸ್ವರ ಮೇಲೆ, ಎರಡನೆಯದು ಕೆಳಗೆ. ಖಂಡದ ಈ ತುದಿಯಿಂದ ಆ ತುದಿಯವರೆಗೆ ಬಹುತೇಕ ಒಂದೇ ರಾಗ. ಮ್ಯಾಸಚೂಸೆಟ್ಸ್ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಚಿಕಡೀಗಳು ಮಾತ್ರ ಎರಡೂ ಸ್ವರವನ್ನು ಒಂದೇ ಶ್ರುತಿಯಲ್ಲಿ ಹಾಡುತ್ತವೆ. ಸಣ್ಣ ಕಡಲಗಲ ದಾಟಿ ಹೋಗಿ ರಾಗ ಸರಿಮಾಡುವವರು ಯಾರೂ ಇಲ್ಲ.

ನಾರ್ತ್ ಕಾನ್ವೆಯಲ್ಲಿ ಕಾಫಿಗೆ ನಿಂತಾಗ ಚರ್ಚೆ ನಮ್ಮ ಕಡೆ ತಿರುಗಿತು. ಕರ್ನಾಟಕದ್ದು ನೀಲಕಂಠ. ಅದೇ ಒಡಿಶಾದ್ದು, ಅದೇ ತೆಲಂಗಾಣದ್ದು. ಅವಿಭಜಿತ ಆಂಧ್ರದ್ದೂ ಅದೇ ಆಗಿತ್ತು, ವಿಭಜನೆಯಾದ ಮೇಲೆ 2018ರಲ್ಲಿ ಆಂಧ್ರ ಗಿಳಿಗೆ ಬದಲಾಯಿಸಿಕೊಂಡಿತು. ದಿಲ್ಲಿಯವರು 2012ರಲ್ಲಿ ಗುಬ್ಬಚ್ಚಿ ಆರಿಸಿದರು. ನಮ್ಮಲ್ಲೂ ಶಾಲಾಮಕ್ಕಳಿಗೆ ಓಟು ಕೊಟ್ಟಿದ್ದರೆ ಯಾವುದು ಗೆಲ್ಲುತ್ತಿತ್ತು? ತಮ್ಮ ಮಂಗಟ್ಟೆ ಅಂದ. ಅದು ಕೇರಳದ್ದು ಎಂದು ತಳ್ಳಿಹಾಕಿದೆ. ನನ್ನದು ಕೆಮ್ಮೀಸೆ ಪಿಕಳಾರ, ನಮ್ಮೂರು ಸಾಗರದ ಯಾವ ಅಂಗಳದಲ್ಲಿ ಅದಿಲ್ಲ? ತಮ್ಮನ ಹೆಂಡತಿ ನವಿಲು ಅಂದಳು, ಅದು ಆಗಲೇ ದೇಶದ್ದು ಎಂದು ಮಗಳೇ ಅನರ್ಹಗೊಳಿಸಿದಳು. ಊರಿನಲ್ಲಿ ರಾತ್ರಿ ಒಂಬತ್ತೂವರೆ, ಹೆಂಡತಿ ಮಲಗಿರಲಾರಳು ಎಂದು ಫೋನ್ ಹಚ್ಚಿ ಸ್ಪೀಕರಿನಲ್ಲಿ ಕೇಳಿದೆವು.

"ಕಾಗೆ" ಅಂದಳು. "ನೀವು ಯಾರೂ ಇಲ್ದೇ ಇದ್ರೂ ದಿನಾ ಬೆಳಿಗ್ಗೆ ಬರೋದು ಅದೊಂದೇ. ಅಲ್ಲಾ, ಸೋಮವಾರ ಮಗೂಗೆ ಶಾಲೆ ಇಲ್ವಾ?"

ಮಗಳು ಕಾಗದದ ಕರವಸ್ತ್ರದ ಮೇಲೆ ಕಾಗೆಗೆ ಒಂದು ಗೀಟು ಎಳೆದು, ತನ್ನ ಓಟನ್ನೂ ಅಲ್ಲಿಗೇ ಸೇರಿಸಿದಳು. ಎರಡು ಓಟಿನಿಂದ ಕಾಗೆ ಗೆದ್ದಿತು. ತಮ್ಮ ಮರು ಎಣಿಕೆ ಕೇಳಿದ, ಕಾರು ಶುರುಮಾಡುವವರೆಗೂ ಕೇಳುತ್ತಲೇ ಇದ್ದ.